ಕಸ್ತೂರಿಯ ಐದನೇ ಅಧ್ಯಾಯ

ಕಸ್ತೂರಿಯ ಎಂ.ಟೆಕ್. ಪ್ರಬಂಧದ ಐದನೇ ಅಧ್ಯಾಯವನ್ನು ಬರೆದವನು ನಾನು. ಅವಳು ಬರೆದಿದ್ದನ್ನು ತೆಗೆದುಹಾಕಿ, ಅವಳು ಒಪ್ಪದ ಲೆಕ್ಕವನ್ನು ಅಲ್ಲಿ ತುರುಕಿ, ಮೊದಲ ಪುಟದ ಅವಳ ಸಹಿಯನ್ನು ಹಾಗೆಯೇ ಉಳಿಸಿಕೊಂಡು ಬೈಂಡ್ ಮಾಡಿಸಿ ಕೊಟ್ಟವನು ನಾನು. ಮುಂದೆ ರೋಣದ ನಮ್ಮ ಬೇಳೆ ಮಿಲ್ಲಿನಲ್ಲಿ ಫ್ಯಾನು ಒಡೆದು ಫಕೀರವ್ವ ಎಂಬ ಹೆಣ್ಣುಮಗಳ ಬಲಗೈ ಹೋದಾಗ, ‘ಲೆಕ್ಕ ಮಾಡಿದ್ದು ಹುಡುಗಿ’ ಎಂದು ಬೆರಳು ತೋರಿಸಿದವನೂ ನಾನೇ.

ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಮುಂದಿನ ಮಾತುಗಳಲ್ಲಿ ನನ್ನ ಸಿಟ್ಟು ಬಹಳ ಕಾಣಿಸುತ್ತದೆ — ಪರೀಕ್ಷಕರ ಮೇಲೆ, ನನ್ನ ಅಣ್ಣನ ಮೇಲೆ, ರೋಣದ ಪೇಟೆಯ ಮೇಲೆ, ಕಾಲೇಜಿನ ಮೇಲೆ. ಸಿಟ್ಟು ನಿಜವಾದದ್ದೇ. ಆದರೆ ಅದನ್ನು ಓದುತ್ತ ನೀವು ನನ್ನನ್ನು ಅವರೆಲ್ಲರ ಎದುರು ನಿಂತವನೆಂದು ತಿಳಿಯಬಾರದು. ನಾನು ಅವರ ಸಾಲಿನಲ್ಲಿದ್ದೆ. ಮೊದಲನೆಯವನಾಗಿ ನಿಂತಿದ್ದೆ.

ನಾನು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ವಿಭಾಗದ ಅಧ್ಯಾಪಕ. ಊರು ರೋಣ. ಅಜ್ಜನ ಕಾಲದಿಂದ ನಮ್ಮದು ಕಡಲೆ ವ್ಯಾಪಾರ. ಅಣ್ಣ ಶಿವಪ್ಪ ಅದರ ಜೊತೆಗೆ ಬೇಳೆ ಮಿಲ್ಲನ್ನೂ ನಡೆಸುತ್ತಾನೆ. ಕಡಲೆ ಒಡೆಯುವಾಗ ಹೊಟ್ಟು, ಧೂಳು ಎದ್ದು ಕಣ್ಣು ಕಾಣದ ಹಾಗೆ ಆಗುತ್ತದೆ. ಅದನ್ನು ಒಂದು ದೊಡ್ಡ ಫ್ಯಾನು ಕೊಳವೆಯೊಳಗೆ ಎಳೆದು, ಬಟ್ಟೆಯ ಚೀಲಗಳ ಮೂಲಕ ಸೋಸಿ, ಬರಿಯ ಗಾಳಿಯನ್ನು ಹೊರಗೆ ಬಿಡುತ್ತದೆ. ಹಳೆಯ ಫ್ಯಾನು ಸಾಲುತ್ತಿರಲಿಲ್ಲ. ಹೊಸದಕ್ಕೆ ಬ್ಲೇಡಿನ ಡ್ರಾಯಿಂಗ್ ನಾನು ಬಿಡಿಸಿಕೊಟ್ಟೆ — ಅದರ ಬಾಗು, ಅದರ ಓರೆ, ಎಲ್ಲ ನನ್ನದು. ಕಡಿಮೆ ಕರೆಂಟಿಗೆ ಹೆಚ್ಚು ಗಾಳಿ ಎಳೆಯುತ್ತದೆ ಎಂದು ಅಣ್ಣನಿಗೆ ಹೇಳಿದೆ. ಅಣ್ಣ ಅದನ್ನು ಪೇಟೆಗೆಲ್ಲ ಹೇಳಿದ. ನರಗುಂದದ ಒಂದು ವರ್ಕ್‌ಶಾಪಿನವರು ಮಾಡಿಕೊಡಲು ಒಪ್ಪಿದ್ದರು. ಕಂಪ್ಯೂಟರಿನಲ್ಲಿ ಗಾಳಿಯ ಹರಿವನ್ನು ಲೆಕ್ಕ ಹಾಕಿ ನೋಡುವುದೊಂದು ಬಾಕಿ ಇತ್ತು. ಅದನ್ನು ಕಸ್ತೂರಿಗೆ ಪ್ರಾಜೆಕ್ಟ್ ಎಂದು ಕೊಟ್ಟೆ.

ಕಸ್ತೂರಿ ಗಜೇಂದ್ರಗಡದ ನೇಕಾರರ ಮಗಳು. ಮನೆಯಲ್ಲಿ ತಂದೆ ತಾಯಿ ಇಬ್ಬರೂ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಮಾತಿನಲ್ಲಿ ಜೋರು, ನಗು ಇನ್ನೂ ಜೋರು. ಲ್ಯಾಬಿನಲ್ಲಿ ಲೆಕ್ಕ ಓಡುತ್ತಿರುವಾಗ ಕಂಪ್ಯೂಟರಿನ ಎದುರು ಕೂತು ಗಾಳಿಯ ಜೊತೆ ಹಟಮಾರಿ ಎಮ್ಮೆಯೊಂದಿಗೆ ಮಾತನಾಡುವಂತೆ ಮಾತನಾಡುತ್ತಿದ್ದಳು. ಲೆಕ್ಕ ಸರಿಹೋಗದಿದ್ದರೆ, “ಅದು ಒಪ್ಪವಲ್ತ್ರಿ ಸರ” ಎನ್ನುವಳು. ಮಿಲ್ಲನ್ನು ನೋಡದೆ ಲೆಕ್ಕ ಮಾಡುವುದಿಲ್ಲ ಎಂದು ಹಟ ಹಿಡಿದು ರೋಣಕ್ಕೆ ಬಂದು, ಹೊಟ್ಟಿನ ನಡುವೆ ಅರ್ಧ ದಿನ ನಿಂತಳು. ಏನು ಇದೆಲ್ಲ ಎಂದು ಅಣ್ಣ ಕೇಳಿದಾಗ ಅವನಿಗೆ ಹೀಗೆ ಬಿಡಿಸಿ ಹೇಳಿದಳು:

“ನರಗುಂದದ ಕಡೆ ಕಾಲುವಿ ನೋಡೀರಲ್ರಿ ಕಾಕಾರ? ನಡುವ ನೀರು ಓಡತೈತಿ. ದಂಡಿಗೆ ಅಂಟಿಕೊಂಡಂಗ ನಿಂತಿರತೈತಿ. ಬ್ಲೇಡಿನ ಮ್ಯಾಲ ಗಾಳೀನೂ ಹಂಗರಿ. ಆ ದಂಡಿ ಗಾಳಿ ಭಾಳ ತೆಳ್ಳಗ. ಆದ್ರ ಫ್ಯಾನು ಚಲೋ ನಡೀತೈತೋ ಇಲ್ಲೋ ಅನ್ನೂದು ಅದರ ಮ್ಯಾಲ ಐತಿ.”

ಅಣ್ಣನಿಗೆ ತಿಳಿಯಿತು. ನಿಮಗೂ ಅಷ್ಟು ತಿಳಿದರೆ ಸಾಕು. ಕಂಪ್ಯೂಟರಿನಲ್ಲಿ ನಾವು ಗಾಳಿಯನ್ನು ಸಣ್ಣ ಸಣ್ಣ ಕೋಣೆಗಳಾಗಿ ಕತ್ತರಿಸುತ್ತೇವೆ. ಅದಕ್ಕೆ ಮೆಶ್ ಎನ್ನುತ್ತೇವೆ, ಜಾಲರಿ ಇದ್ದ ಹಾಗೆ. ಬ್ಲೇಡಿನ ಮೈಗೆ ಹತ್ತಿಕೊಂಡ ಆ ನಿಧಾನದ ಗಾಳಿಗಾಗಿ ಅಲ್ಲಿ ಮಾತ್ರ ಉಳ್ಳಾಗಡ್ಡಿಯ ಸಿಪ್ಪೆಯಂತೆ ತೆಳುವಾದ ಪದರುಗಳನ್ನು ಒಂದರ ಮೇಲೊಂದು ಕೂಡಿಸುತ್ತೇವೆ. ಈ ಪದರುಗಳ ಒಟ್ಟು ದಪ್ಪ ಆ ನಿಧಾನದ ಗಾಳಿಯನ್ನು ಪೂರ್ತಿ ಮುಚ್ಚಬೇಕು. ಮುಚ್ಚದಿದ್ದರೆ ಉಳಿದ ಗಾಳಿ ಹೊರಗಿನ ದೊಡ್ಡ ಕೋಣೆಗಳಲ್ಲಿ ಕಲಸಿಹೋಗುತ್ತದೆ. ಬ್ಲೇಡಿನ ಬೆನ್ನಿನಿಂದ ಗಾಳಿ ಕಿತ್ತು ಬರುತ್ತಿದ್ದರೂ ಕಂಪ್ಯೂಟರಿಗೆ ಕಾಣುವುದಿಲ್ಲ. ಕಂಪ್ಯೂಟರು ಅದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುತ್ತದೆ. ಸುತ್ತಿನಿಂದ ಸುತ್ತಿಗೆ ವ್ಯತ್ಯಾಸ ಕಡಿಮೆಯಾಗುತ್ತ ಹೋಗಿ ಕೊನೆಗೆ ಉತ್ತರ ಅಲುಗಾಡದೆ ನಿಂತರೆ ಕನ್ವರ್ಜ್ ಆಯಿತು ಎನ್ನುತ್ತೇವೆ. ಕಸ್ತೂರಿಯ ಬಾಯಲ್ಲಿ — ಒಪ್ಪಿತು.

ಪದರುಗಳ ಒಟ್ಟು ದಪ್ಪ ಕಡಿಮೆ ಇದ್ದಾಗ ನನ್ನ ಬ್ಲೇಡು ಬಹಳ ಸೊಗಸಾಗಿ ಒಪ್ಪಿತು. ಅವಳು ಪದರುಗಳನ್ನು ಬೇಕಾದಷ್ಟು ದಪ್ಪ ಮಾಡಿ ನೋಡಿದಾಗ, ಫ್ಯಾನು ಪೂರ್ತಿ ಗಾಳಿ ಎಳೆಯುವಾಗೇನೋ ಸರಿಯೇ ಇತ್ತು. ಗಾಳಿ ಕಡಿಮೆಯಾದರೆ ಮಾತ್ರ ಉತ್ತರ ಹಾರಾಡತೊಡಗಿತು. ಬ್ಲೇಡಿನ ಬೆನ್ನಿನಿಂದ ಗಾಳಿ ಕಿತ್ತು ಬರುವುದು, ಮತ್ತೆ ಅಂಟುವುದು, ಮತ್ತೆ ಕೀಳುವುದು.

“ಕಡಿಮಿ ಗಾಳಿಗೆ ಅದು ಒಪ್ಪವಲ್ತ್ರಿ ಸರ.”

“ನಿನ್ನ ಮೆಶ್ ಸರಿ ಇರಲಿಕ್ಕಿಲ್ಲ.”

“ಹತ್ತು ಥರಾ ಮಾಡಿ ನೋಡೀನ್ರಿ. ತೆಳ್ಳಂದು ಹಾಕಿದಾಗಷ್ಟ ಸುಮ್ಮನಾಗತೈತಿ. ಆದ್ರ ತೆಳ್ಳಂದು ಹಾಕಿದ್ರ ನೋಡಬೇಕಾದ್ದನ್ನ ನಾವು ನೋಡಿದಂಗಾತೇನ್ರಿ? ಇದು ಲೆಕ್ಕದ ತಪ್ಪಲ್ಲ ಅನಸ್ತೈತ್ರಿ. ಫ್ಯಾನ ಹಂಗ ಐತಿ.”

ಫ್ಯಾನ ಹಂಗ ಐತಿ! ಆ ಮಾತಿಗೆ ನನ್ನ ಮೈ ಉರಿಯಿತು. ನನ್ನ ಬ್ಲೇಡಿನ ಬಗ್ಗೆ, ನಾನು ಪಾಠ ಹೇಳಿಕೊಟ್ಟ ಹುಡುಗಿ...

ಅವಳು ನಿಲ್ಲಿಸಲಿಲ್ಲ. ಮಿಲ್ಲಿನಲ್ಲಿ ಚೀಲಗಳು ಧೂಳಿನಿಂದ ಕಟ್ಟಿಕೊಂಡಾಗ ಗಾಳಿ ಕಡಿಮೆಯಾಗಿಯೇ ಆಗುತ್ತದೆ, ಆಗ ಏನಾಗುತ್ತದೆಂದು ತಿಳಿಯಲೇಬೇಕು ಎಂದಳು. ಗಾಳಿ ಕ್ಷಣ ಕ್ಷಣಕ್ಕೆ ಹೇಗೆ ಬದಲಾಗುತ್ತದೆ ಎಂಬ ಲೆಕ್ಕವನ್ನೇ ಹಾಕಬೇಕು, ನಮ್ಮ ಲ್ಯಾಬಿನ ಕಂಪ್ಯೂಟರುಗಳಲ್ಲಿ ಅದಕ್ಕೆ ವಾರಗಟ್ಟಲೆ ಬೇಕು ಎಂದಳು. ಆಗ ಹೊಲದಲ್ಲಿ ಕಡಲೆ ಬಲಿಯುತ್ತಿತ್ತು. ನರಗುಂದದವರು ದಿನಾ ಫೋನ್ ಮಾಡುತ್ತಿದ್ದರು. ಅಣ್ಣನೂ.

“ಅದನ್ನ ಒಪ್ಪಸೂದು ನಿನ್ನ ಕೆಲಸ,” ಎಂದೆ. “ಒಪ್ಪಸು.”

“ನಾ ಒಪ್ಪಸಂಗಿಲ್ರಿ ಸರ. ಒಪ್ಪಿಲ್ಲ ಅಂತ ಬರೀತೀನಿ.”

ಹಾಗೆಯೇ ಬರೆದಳು. ಐದನೇ ಅಧ್ಯಾಯದ ಕೊನೆಯಲ್ಲಿ, ಈ ಬ್ಲೇಡನ್ನು ಕಡಿಮೆ ಗಾಳಿಯಲ್ಲಿ ಪರೀಕ್ಷೆ ಮಾಡದೆ ಬಳಕೆಗೆ ಕೊಡಬಾರದು ಎಂದು ಸ್ಪಷ್ಟವಾಗಿ ಬರೆದಳು. ಅಷ್ಟರಲ್ಲಿ ತಾಯಿಗೆ ಹೊಟ್ಟೆಯ ಆಪರೇಶನ್ ಎಂದು ಗದಗಿನ ಆಸ್ಪತ್ರೆಯಿಂದ ಫೋನ್ ಬಂತು. ಇದು ನನ್ನ ಸ್ವಂತ ಕೆಲಸ ಎಂದು ಘೋಷಿಸುವ ಪುಟಕ್ಕೆ ಸಹಿ ಹಾಕಿ, ಫೈಲನ್ನು ನನ್ನ ಕೈಗೆ ಕೊಟ್ಟು, “ಪ್ರಿಂಟ್ ಹಾಕಿಸಿ ಇಡ್ರಿ ಸರ, ನಾ ವೈವಾಕ್ಕ ಬಂದ ಬಿಡ್ತೀನಿ” ಎಂದು ಹೊರಟಳು. ಗುರು ಎಂದು ನಂಬಿ — ಅಲ್ಲ, ಅಂಥ ದೊಡ್ಡ ಮಾತು ಬೇಡ. ಗುರುತಿನ ಯಾರ ಕೈಗಾದರೂ ಒಂದು ಸಾಮಾನು ಕೊಟ್ಟು ಬಸ್ ಹತ್ತುವಷ್ಟು ಸಹಜವಾಗಿ ಕೊಟ್ಟಳು.

ಒಂದು ರವಿವಾರ ಮಧ್ಯಾಹ್ನ, ಖಾಲಿ ಲ್ಯಾಬಿನಲ್ಲಿ ಕೂತು ನಾನು ಪದರುಗಳನ್ನು ಮತ್ತೆ ತೆಳ್ಳಗೆ ಮಾಡಿದೆ. ಲೆಕ್ಕದ ರೀತಿಯನ್ನೂ ಇನ್ನಷ್ಟು ಒರಟಾದದ್ದಕ್ಕೆ ಬದಲಾಯಿಸಿದೆ. ಒರಟು ಲೆಕ್ಕ ಬೇಗ ಶಾಂತವಾಗುತ್ತದೆ. ಪರದೆಯ ಮೇಲಿನ ಗೆರೆಗಳು ವಿನಯದಿಂದ ಕೆಳಗಿಳಿದು ಬಂದವು. ಆಗ ನನಗೆ ಖುಷಿಯಾಯಿತು — ಅದನ್ನು ಮುಚ್ಚಿಡುವುದಿಲ್ಲ. ನನ್ನ ಬ್ಲೇಡು ಗೆದ್ದಿತು ಎನಿಸಿತು. ಆಮೇಲೆ ಹೊಸ ಅಧ್ಯಾಯ ಬರೆದೆ. ಕಸ್ತೂರಿಯ ಇಂಗ್ಲಿಷು ಚಿಕ್ಕ ಚಿಕ್ಕ ವಾಕ್ಯಗಳದ್ದು. ನಾನೂ ಚಿಕ್ಕ ಚಿಕ್ಕ ವಾಕ್ಯಗಳಲ್ಲೇ ಬರೆದೆ. ಅಷ್ಟು ಜಾಗ್ರತೆ ವಹಿಸಿದ್ದೆ ನಾನು. ಅವಸರದಲ್ಲಿ ಆದ ತಪ್ಪು ಎಂದು ಯಾರೂ ನನ್ನ ಪರವಾಗಿ ಹೇಳುವ ಹಾಗಿಲ್ಲ. ಲ್ಯಾಬಿನ ಕಂಪ್ಯೂಟರಿನಲ್ಲಿದ್ದ ಅವಳ ದಪ್ಪ ಪದರುಗಳ ಲೆಕ್ಕವನ್ನೆಲ್ಲ ಅಳಿಸಿಯೇ ಎದ್ದೆ.

ವೈವಾಕ್ಕೆ ಹೊರಗಿನಿಂದ ಒಬ್ಬ ಹಿರಿಯ ಪರೀಕ್ಷಕರು ಬಂದಿದ್ದರು. ಜೊತೆಗೆ ನಮ್ಮ ವಿಭಾಗದ ಮುಖ್ಯಸ್ಥರು. ಕಸ್ತೂರಿ ಅದೇ ಬೆಳಿಗ್ಗೆ ಆಸ್ಪತ್ರೆಯಿಂದ ನೇರ ಬಂದಿದ್ದಳು. ಪರೀಕ್ಷಕರು ಐದನೇ ಅಧ್ಯಾಯ ತೆಗೆದು, ಇಷ್ಟು ಚೆನ್ನಾಗಿ ಕನ್ವರ್ಜ್ ಆದ ಲೆಕ್ಕ ನೋಡಿ ಬಹಳ ದಿನವಾಯಿತು ಎಂದು ಹೊಗಳಿದರು. ಅವಳಿಗೆ ಅರ್ಥವಾಗಲಿಲ್ಲ. ಮೇಜಿನ ಮೇಲಿದ್ದ ಬೈಂಡ್ ಮಾಡಿದ ಪ್ರತಿಯನ್ನು ತೆರೆದಳು. ಒಂದು ಪುಟ ತಿರುವಿದಳು, ಇನ್ನೊಂದು ತಿರುವಿದಳು. ಆಮೇಲೆ ತಲೆ ಎತ್ತಿ, ನನ್ನ ಕಡೆ ನೋಡದೆ, ನೇರ ಅವರಿಗೇ ಹೇಳಿದಳು:

“ಈ ಅಧ್ಯಾಯ ನಾ ಬರದದ್ದಲ್ರಿ ಸರ. ನಾ ಬ್ಯಾರೇ ಬರದಿದ್ನಿ.”

ಎಷ್ಟು ಸ್ಪಷ್ಟವಾದ ಮಾತು! ಯಾರಿಗೆ ಬೇಕಾದರೂ ಕೇಳಿಸುವ ಮಾತು. ಆ ಕೋಣೆಯಲ್ಲಿ ಓದಿದವರೇ ಇದ್ದೆವು. ಒಬ್ಬರಾದರೂ ‘ಹಾಗಾದರೆ ನೀನು ಬರೆದದ್ದು ಏನು?’ ಎಂದು ಕೇಳಬಹುದಿತ್ತು. ಅವರಿಗೆ ಕೇಳುವ ಪ್ರಸಂಗ ಬರದ ಹಾಗೆ ನಾನೇ ಮುಂದಾದೆ.

“ಗಾಬರಿ ಆಗ್ಯಾಳ್ರಿ,” ಎಂದೆ. “ತಾಯಿದು ಆಪರೇಶನ್ ಆಗೇತಿ. ನಿದ್ದಿ ಇಲ್ಲ ಪಾಪ.”

“ಆಗತೈತಿ, ಆಗತೈತಿ,” ಎಂದರು ಪರೀಕ್ಷಕರು. “ಕುಂದ್ರವಾ, ನೀರ ಕುಡಿ. ನನ್ನ ವೈವಾದಾಗ ನಾ ನನ್ನ ಹೆಸರ ಮರತಿದ್ದೆ!”

ಎಲ್ಲರೂ ನಕ್ಕರು. ಪ್ರೀತಿಯಿಂದಲೇ ನಕ್ಕರು. ಇವತ್ತಿಗೂ ಆ ನಗು ನೆನಪಾದರೆ ಸಿಟ್ಟು ಬರುತ್ತದೆ. ಒಬ್ಬ ಹುಡುಗಿ ಎದ್ದು ನಿಂತು ಸತ್ಯ ಹೇಳಿದರೆ ಅವಳ ಕೈಗೆ ನೀರಿನ ಲೋಟ ಕೊಟ್ಟೆವಲ್ಲ ನಾವು! ಅವಳು ನೀರು ಕುಡಿಯಲಿಲ್ಲ. ಅವಳಿಗೆ ಬಹಳ ಒಳ್ಳೆಯ ಅಂಕಗಳನ್ನು ಕೊಟ್ಟರು. ಮರುದಿನ ಅವಳು ಮುಖ್ಯಸ್ಥರ ಕೋಣೆಗೆ ಹೋಗಿ ದೂರು ಹೇಳಿದಾಗ, “ಪಾಸಾಗೀಯಲ್ಲವಾ, ಇನ್ನೇನ ಬೇಕು?” ಎಂದರಂತೆ. ಅದನ್ನು ಅವರೇ ನನಗೆ ನಗುತ್ತ ಹೇಳಿದರು. ನಾನೂ ನಕ್ಕೆ.

ಅವಳು ಅಷ್ಟಕ್ಕೆ ಬಿಡಲಿಲ್ಲ. ಗದಗಿನಿಂದ ಗಜೇಂದ್ರಗಡಕ್ಕೆ ಹೋಗುವ ದಾರಿಯಲ್ಲಿ ರೋಣದಲ್ಲಿ ಇಳಿದು ಮಿಲ್ಲಿಗೆ ಹೋಗಿ, ಚೀಲ ಕಟ್ಟಿಕೊಂಡಾಗ ಹೊಸ ಫ್ಯಾನನ್ನು ನಡೆಸಬೇಡಿ ಎಂದು ಅಣ್ಣನಿಗೆ ಹೇಳಿದಳು. ಅಣ್ಣ ನನಗೆ ಫೋನ್ ಮಾಡಿದ. “ಅಕಿಗೆ ನನ್ನ ಮ್ಯಾಲ ಸಿಟ್ಟೈತಿ, ತಲಿ ಕೆಡಿಸಿಕೋಬ್ಯಾಡ” ಎಂದೆ.

ನರಗುಂದದಿಂದ ಫ್ಯಾನು ಬಂತು. ಅಣ್ಣ ಪೂಜೆ ಮಾಡಿಸಿದ, ಕಾಯಿ ಒಡೆದ, ಪೇಟೆಯ ಹಿರಿಯರು ಬಂದು ನನ್ನ ಬೆನ್ನು ಚಪ್ಪರಿಸಿದರು. ಮೊದಲ ಸುಗ್ಗಿ ಸರಿಯಾಗಿಯೇ ಕಳೆಯಿತು. ಆ ವರ್ಷ ಕಡಲೆ ಕಡಿಮೆ ಬಂದಿತ್ತು, ಚೀಲಗಳೂ ಹೊಸವಿದ್ದವು. ಮರುವರ್ಷ ಕಡಲೆ ಬಹಳ ಬಂತು. ಮಿಲ್ಲು ನಿಲ್ಲಿಸಿ ಚೀಲ ಒದರುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಅಣ್ಣ ಫೋನಿನಲ್ಲಿ, “ತಮ್ಮಾ, ಫ್ಯಾನು ಒಮ್ಮೊಮ್ಮೆ ಗುಡುಗಿದಂಗ ಮಾಡತೈತಿ, ನೆಲ ಥರಥರ ಅಂತೈತಿ” ಎಂದ.

“ಬೋಲ್ಟ್ ಬಿಗಿ ಮಾಡಸು,” ಎಂದೆ.

ನನಗೆ ಗೊತ್ತಿತ್ತೇ? ಈ ಪ್ರಶ್ನೆಯನ್ನು ನನಗೆ ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ, ಪ್ರತಿ ಸಲವೂ ಏನೋ ಒಂದು ಜಾಣ ಉತ್ತರ ಹುಡುಕಿದ್ದೇನೆ. ಇಲ್ಲಿ ಹುಡುಕುವುದಿಲ್ಲ. ಗೊತ್ತಿತ್ತು. ಗಾಳಿ ಬ್ಲೇಡಿನ ಬೆನ್ನಿನಿಂದ ಕಿತ್ತು ಬಂದು ಮತ್ತೆ ಅಂಟುವಾಗ ಬ್ಲೇಡು ಹಾಗೆಯೇ ಅದುರುತ್ತದೆ. ಅದನ್ನು ತರಗತಿಯಲ್ಲಿ ಪ್ರತಿ ವರ್ಷ ಪಾಠ ಮಾಡುತ್ತಿದ್ದವನು ನಾನು.

ಮುಂದಿನ ವಾರ ಒಂದು ಬ್ಲೇಡು ಬುಡದಲ್ಲಿ ಬಿರುಕು ಬಿಟ್ಟು ಕಿತ್ತು, ತಗಡಿನ ಕವಚವನ್ನು ಹರಿದುಕೊಂಡು ಹೊರಗೆ ಬಂತು. ಅಲ್ಲಿ ಜರಡಿಯ ಹತ್ತಿರ ಫಕೀರವ್ವ ಕಡಲೆಯೊಳಗಿನ ಹರಳು ಆರಿಸುತ್ತಿದ್ದಳು. ಮುಶಿಗೇರಿಯವಳು, ಸುಗ್ಗಿಯಲ್ಲಿ ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದಳು. ಅಣ್ಣ ತನ್ನ ಕಾರಿನಲ್ಲೇ ಅವಳನ್ನು ದವಾಖಾನೆಗೆ ಒಯ್ದ. ಜೀವ ಉಳಿಯಿತು. ಬಲಗೈಯನ್ನು ಮಣಿಕಟ್ಟಿನ ಮೇಲೆ ತೆಗೆಯಬೇಕಾಯಿತು.

ವಿಚಾರಣೆಗೆ ಅಧಿಕಾರಿಯೊಬ್ಬರು ಬಂದರು. ಮಿಲ್ಲಿನ ಆಫೀಸಿನಲ್ಲಿ ನಾವೆಲ್ಲ ಕೂತಿದ್ದೆವು. ನರಗುಂದದವರು, “ಡ್ರಾಯಿಂಗ್ ಪ್ರಕಾರ ಮಾಡೀನ್ರಿ, ಬೇಕಾದ್ರ ಅಳತಿ ಮಾಡಿ ನೋಡ್ರಿ” ಎಂದರು. ಅದು ನಿಜವಾಗಿತ್ತು. “ಲೆಕ್ಕ ಮಾಡಿದೋರು ಯಾರ್ರಿ?” ಎಂದು ಅಧಿಕಾರಿ ಕೇಳಿದರು. ಅಣ್ಣ ನನ್ನ ಮುಖ ನೋಡಿದ. ನಾನು ನನ್ನ ಕೈಚೀಲದಿಂದ ಪ್ರಬಂಧವನ್ನು ತೆಗೆದು ಮೇಜಿನ ಮೇಲೆ ಇಟ್ಟೆ. ಹೌದು, ಅದನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿದ್ದೆ.

“ಲೆಕ್ಕ ಮಾಡಿದ್ದು ಹುಡುಗಿರಿ. ನಾ ಬರೇ ಗೈಡ್.”

ಆಮೇಲೆ ಪೇಟೆಯ ಬಾಯಿ. ಹುಡುಗಿ ಕೈಯಲ್ಲಿ ಲೆಕ್ಕ ಕೊಟ್ಟರೆ ಇನ್ನೇನಾಗುತ್ತದೆ, ಎಂದರು. ಹೆಣ್ಣುಮಕ್ಕಳಿಗೆ ಯಂತ್ರ ಯಾಕೆ, ಎಂದರು. ಕಡಲೆಯ ಗುಣ ನೋಡಲು ಕಾಳು ಕಡಿದು ನೋಡುವ ಜನ, ಈ ಮಾತನ್ನು ಮಾತ್ರ ಕಡಿಯದೆ ನುಂಗಿದರು. ಡ್ರಾಯಿಂಗ್ ಯಾರದು ಎಂದು ಒಬ್ಬರೂ ಕೇಳಲಿಲ್ಲ! ಒಂದು ವರ್ಷದ ಹಿಂದೆ ‘ತಮ್ಮ ಮಾಡಿದ ಫ್ಯಾನು’ ಆಗಿದ್ದದ್ದು ಒಂದೇ ದಿನದಲ್ಲಿ ‘ಆ ಹುಡುಗಿ ಫ್ಯಾನು’ ಆಯಿತು. ಕಸ್ತೂರಿ ಆಗ ಹುಬ್ಬಳ್ಳಿಯಲ್ಲಿ ಫ್ಯಾನು ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದಳು. ಸುದ್ದಿ ಅಲ್ಲಿಗೂ ಮುಟ್ಟಿತು. ಅವಳನ್ನು ಕೆಲಸದಿಂದ ಬಿಡಿಸಿದರು.

ಅವಳು ನಮ್ಮ ಮನೆಗೆ ಬಂದಳು. ನನ್ನ ಹೆಂಡತಿ ತಂದಿಟ್ಟ ಚಹಾವನ್ನು ಮುಟ್ಟಲಿಲ್ಲ. ಅಳುತ್ತಿರಲಿಲ್ಲ; ಸಿಟ್ಟಿಗೆ ಮೋರೆ ಕೆಂಪಾಗಿತ್ತು.

“ಕೆಲಸ ಹೋತು ಅಂತ ಬಂದಿಲ್ರಿ ನಾ. ಮುಶಿಗೇರಿಗೆ ಹೋಗಿದ್ನಿ. ‘ನೀನ ಏನವಾ ಲೆಕ್ಕ ಮಾಡಿದಾಕಿ?’ ಅಂತ ಕೇಳಿದ್ಲು ಫಕೀರವ್ವ. ಏನ್ ಹೇಳ್ಲಿರಿ ಸರ? ಹೌದು ಅನ್ಲೋ, ಅಲ್ಲ ಅನ್ಲೋ?”

ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಒಂದು ಮಾತು — ಎದುರಿಗೆ ಕೂತವಳಿಗೆ ಒಂದೇ ಒಂದು ಮಾತು. ಬದಲಿಗೆ ನಾನು ಹೇಳಿದ್ದು ಇದು:

“ನಿನ್ನ ಸಹಿ ಐತಲ್ಲ ಕಸ್ತೂರಿ. ನಿನ್ನ ಹತ್ರ ಇರೂ ಫೈಲ್ ತೋರಿಸಿದ್ರೂ ಆಮ್ಯಾಲ ಬರದದ್ದು ಅಂತಾರ. ಈಗ ಯಾರ ನಂಬ್ತಾರ?”

“ನೀವರ ‘ನೀ ಬರದಿಲ್ಲ’ ಅಂತೀರಿ ಅಂದ್ಕೊಂಡಿದ್ನಿ,” ಎಂದಳು. “ಮನ್ಯಾಗ, ಯಾರೂ ಇಲ್ಲದಾಗರ.” ಎದ್ದು ಹೋದಳು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಂದಿನಿಂದ ನಮ್ಮ ಮನೆಯಲ್ಲಿ ಕಸ್ತೂರಿಯ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ವರ್ಷಗಳು ಹೋದವು. ನನಗೆ ಬಡ್ತಿ ಸಿಕ್ಕಿತು. ಮಿಲ್ಲಿಗೆ ಬೇರೆ ಫ್ಯಾನು ಬಂತು. ಎಲ್ಲ ತಣ್ಣಗಾಯಿತು ಎಂದುಕೊಳ್ಳುವಷ್ಟು ನಾಚಿಕೆಗೆಟ್ಟಿದ್ದೆ. ಈ ವರ್ಷ ಬೇರೊಂದು ಊರಿನ ಬೇಳೆ ಮಿಲ್ಲಿನ ಮಾಲೀಕರು ಫೋನ್ ಮಾಡಿದರು. ಅವರಿಗೆ ಯಾರೋ ನನ್ನ ಬ್ಲೇಡಿನ ಡ್ರಾಯಿಂಗ್ ಕೊಟ್ಟಿದ್ದರು. “ಡಿಸೈನ್ ಚಲೋ ಐತಂತ್ರಿ ಸರ, ಕರೆಂಟ್ ಭಾಳ ಉಳೀತೈತಂತ. ಆ ಹುಡುಗಿ ಲೆಕ್ಕದಾಗ ಏನೋ ತಪ್ಪ ಮಾಡಿತ್ತಂತಲ್ಲ, ಅದನ್ನಷ್ಟ ನೀವು ತಿದ್ದಿ ಕೊಟ್ಟಬಿಡ್ರಿ. ನಾವು ಮಾಡಸ್ತೀವಿ.”

ನೋಡಿ, ನನ್ನ ಸುಳ್ಳು ಎಷ್ಟು ದೂರ ನಡೆದಿತ್ತು! ಹುಡುಗಿ ತಪ್ಪು, ಬ್ಲೇಡು ಸರಿ. ಅವರ ಜರಡಿಯ ಹತ್ತಿರವೂ ಯಾರೋ ಒಬ್ಬಳು ಕೂತಿರುತ್ತಾಳೆ. ಅವರಿಗೆ ಆಗಲೇ ಇಲ್ಲ ಎನ್ನಬೇಕಿತ್ತು, ನೋಡುತ್ತೇನೆ ಎಂದೆ. ನೋಡಿದೆ ಕೂಡ. ಈಗ ನಮ್ಮ ಕಂಪ್ಯೂಟರುಗಳು ಚುರುಕು. ಕಸ್ತೂರಿ ಹೇಳಿದಷ್ಟೇ ದಪ್ಪಕ್ಕೆ ಪದರುಗಳನ್ನು ಕೂಡಿಸಿದೆ, ಅವಳು ಹೇಳಿದಂತೆ ಕ್ಷಣ ಕ್ಷಣದ ಲೆಕ್ಕವನ್ನೇ ಹಾಕಿದೆ. ಗಾಳಿ ಕಡಿಮೆ ಮಾಡಿದ ಕೂಡಲೇ ಬ್ಲೇಡಿನ ಬೆನ್ನಿನ ಮೇಲೆ ಅದು ಸುಳಿ ಸುಳಿಯಾಗಿ ಕಿತ್ತು ಬಂತು. ಬ್ಲೇಡಿನ ಬುಡದ ಮೇಲೆ ಬೀಳುವ ಏಟನ್ನು ಎಣಿಸಬಹುದಿತ್ತು. ಅವಳು ನೋಡಿದ್ದು ಇದನ್ನೇ. ಇದನ್ನು ನೋಡಿ, ನನಗೆ ಹೇಳಿ, ಬರೆದೂ ಇಟ್ಟಿದ್ದಳು.

ಪರದೆಯ ಮುಂದೆ ಕೂತಲ್ಲೇ ನನಗೆ ಹುಚ್ಚು ಸಿಟ್ಟು ಬಂತು. ನಕ್ಕವರ ಮೇಲೆ, ಕೇಳದವರ ಮೇಲೆ, ನೋಡಿದ್ದನ್ನು ನೋಡಿಲ್ಲ ಎನ್ನುವಂತೆ ಮಾಡಿದ ಈ ಎರಡು ಕೈಗಳ ಮೇಲೆ. ಅಲ್ಲಿಂದಲೇ ಮಾಲೀಕರಿಗೆ ಫೋನ್ ಮಾಡಿದೆ. “ಆ ಬ್ಲೇಡು ಮಾಡಸಬ್ಯಾಡ್ರಿ. ಹುಡುಗಿ ಲೆಕ್ಕ ಸರಿ ಇತ್ತು. ಬ್ಲೇಡ ಕೆಟ್ಟದ್ದು. ಅದನ್ನ ಮಾಡಿದಾವ ನಾನು. ಸುಳ್ಳು ಬರದಾವನೂ ನಾನು.” ಅವರು ಫೋನ್ ಇಟ್ಟರು.

ರೋಣಕ್ಕೆ ಹೋಗಿ ಅಣ್ಣನಿಗೆ ಹೇಳಿದೆ. ಅವನು ಬೆಚ್ಚಿಬೀಳುತ್ತಾನೆ ಎಂದುಕೊಂಡಿದ್ದೆ. ಬೆಚ್ಚಲಿಲ್ಲ. “ನನಗ ಅವತ್ತ ಅನಿಸಿತ್ತು,” ಎಂದ. “ಚೀಲದಾಗಿಂದ ಪುಸ್ತಕ ತಗದೆಲ್ಲ, ಅವಾಗ. ಈಗ್ಯಾಕ ಎತ್ತತಿ ಅದನ್ನ? ಮನಿತನದ ಹೆಸರ ಐತಿ. ಆ ಹುಡುಗಿ ಎಲ್ಲೋ ಅದಾಳ, ಫಕೀರವ್ವನ್ನ ನಾ ನೋಡ್ಕೊಂಡೀನಿ. ಬಿಡು.” ಅನಿಸಿತ್ತಂತೆ! ಅನಿಸಿಯೂ ಇಷ್ಟು ವರ್ಷ ಊಟಕ್ಕೆ ನನ್ನ ಪಕ್ಕದಲ್ಲೇ ಕೂತಿದ್ದ. ಅವನಿಗೆ ನಾನು ಬೈದೆ; ಬೈಯುವ ಹಕ್ಕು ನನಗೆಲ್ಲಿಂದ ಬಂತೆಂದು ಅವನೂ ಬೈದ. ಅವನ ಮಾತು ಸರಿಯಾಗಿತ್ತು.

ಕಾಲೇಜಿನಲ್ಲಿ, ಹಳೆಯದನ್ನು ಕೆದಕಿದರೆ ವಿಭಾಗಕ್ಕೆ ಕೆಟ್ಟ ಹೆಸರು, ಬೇಕಾದರೆ ಸಣ್ಣ ತಿದ್ದುಪಡಿ ಎಂದು ಒಂದು ಸಾಲು ಸೇರಿಸೋಣ ಎಂದರು. ಸಣ್ಣ ತಿದ್ದುಪಡಿ! ನಾನು ಮಾಡಿದ್ದನ್ನೆಲ್ಲ ನನ್ನ ಹೆಸರಿನ ಸಮೇತ ಬರೆದು ಕೊಟ್ಟು ಬಂದಿದ್ದೇನೆ. ವಿಚಾರಣೆ ಮಾಡಿದ ಕಚೇರಿಗೂ ಅದರದೇ ಪ್ರತಿ ಹೋಗಿದೆ. ಅವರು ಏನು ಮಾಡುತ್ತಾರೆ ಎಂಬುದು ಅವರಿಗೆ ಬಿಟ್ಟದ್ದು. ಕೆಲಸ ಹೋದರೆ ಹೋಗಬೇಕಾದದ್ದೇ.

ಆಮೇಲೆ ಗಜೇಂದ್ರಗಡಕ್ಕೆ ಹೋದೆ. ಕಸ್ತೂರಿ ಈಗ ಅಲ್ಲೇ ಒಂದು ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ. ಮನೆಯ ಒಳಗೆ ಮಗ್ಗದ ಸದ್ದು ನಡೆದಿತ್ತು. ನನ್ನನ್ನು ನೋಡಿ ಅವಳ ತಂದೆ ಮಗ್ಗ ನಿಲ್ಲಿಸಿದರು, ಬನ್ನಿ ಎನ್ನಲಿಲ್ಲ. ನಾನು ಹೊಸ್ತಿಲಲ್ಲೇ ಹೇಳತೊಡಗಿದೆ. ಅವಳು ಕೈ ಅಡ್ಡ ಹಿಡಿದಳು.

“ನನ್ನ ಮುಂದ ಯಾಕ್ರಿ ಹೇಳ್ತೀರಿ? ನನಗ ಎಲ್ಲಾ ಗೊತ್ತೈತಿ. ಗೊತ್ತಿಲ್ಲದೋರ ಮುಂದ ಹೇಳ್ರಿ. ನಡೀರಿ ಮುಶಿಗೇರಿಗೆ. ನಾನೂ ಬರ್ತೀನಿ.”

ಬಸ್ಸಿನಲ್ಲಿ ಅವಳು ನನ್ನಿಂದ ದೂರ, ಮುಂದಿನ ಸೀಟಿನಲ್ಲಿ ಕೂತಳು. ಒಮ್ಮೆ ಮಾತ್ರ ಹಿಂದೆ ತಿರುಗಿ, “ಅಧ್ಯಾಯ ನಾನ ಮತ್ತ ಬರೀತೀನಿ. ನಿಮ್ಮ ಹೆಸರ ಅದರಾಗ ಎಲ್ಲೂ ಬ್ಯಾಡ” ಎಂದಳು. ಆಗಲಿ ಎಂದೆ.

ಫಕೀರವ್ವ ಅಂಗಳದಲ್ಲಿ ಎಡಗೈಯಿಂದ ಜೋಳ ಹಸನು ಮಾಡುತ್ತಿದ್ದಳು. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ — ಬ್ಲೇಡು ನನ್ನದು, ಈ ಹುಡುಗಿ ಬೇಡ ಎಂದಿದ್ದಳು, ನಾನು ಸುಳ್ಳು ಬರೆದು ಇವಳ ಹೆಸರು ಹಾಕಿದೆ. ಫಕೀರವ್ವ ಕಸ್ತೂರಿಯ ಕಡೆ ತಿರುಗಿದಳು.

“ಯವ್ವಾ, ಅವತ್ತ ನೀ ಬಂದಾಗ ನಾ ಏನಂದ್ನಿ ನೆನಪೈತೇನು?”

“ಬಿಡಬೇ ಯವ್ವಾ.”

“ನಿನ್ನ ಕೈಗೆ ಹುಳ ಬೀಳ್ಲಿ ಅಂದ್ನಿ. ನೀ ಹೊಳ್ಳಿ ಒಂದ ಮಾತ ಅನಲಿಲ್ಲ.”

ಫಕೀರವ್ವ ಎದ್ದಳು. ನನ್ನ ಮುಂದೆ ಬಂದು ನಿಂತಳು. ಅವಳ ದನಿ ಏರಲಿಲ್ಲ.

“ನಿಮ್ಮ ಅಣ್ಣಾರು ದವಾಖಾನಿಗೆ ಕರಕೊಂಡ ಹೋದ್ರಂತ ನಿಮ್ಮ ಮನಿತನಕ್ಕ ಒಂದ ಮಾತ ನಾ ಅಂದಿಲ್ಲ. ಅನ್ನೂದೆಲ್ಲಾ ಈ ಕೂಸಿಗೆ ಅಂದ್ನಿ. ದಿನಾ ಅಂದ್ನಿ. ಕೈ ಹೋದದ್ದು ಹೋತ್ರಿ ಸಾವಕಾರ್ರ — ನನ್ನ ಬಾಯಾಗಿನ ಮಾತೂ ಕೆಡಿಸಿಬಿಟ್ರೆಲ್ಲ ನೀವು!”

ತಪ್ಪಾಯಿತು ಎಂದೆ. ಅದು ಯಾರಿಗೂ ಕೇಳಿಸಿದಂತೆ ಕಾಣಲಿಲ್ಲ. ಫಕೀರವ್ವ ಹಗ್ಗದ ಹೊರಸಿನ ಮೇಲಿದ್ದ ಬಟ್ಟೆ ಸರಿಸಿ ಕಸ್ತೂರಿಯನ್ನು ಕೂಡಿಸಿದಳು. ಒಳಗೆ ಹೋಗಿ ಚಹಾ ಮಾಡಿ, ಎರಡು ಬಟ್ಟಲುಗಳನ್ನು ಎಡಗೈಯಲ್ಲಿ ಒಂದೊಂದಾಗಿ ತಂದಿಟ್ಟಳು. ಇಬ್ಬರೂ ಹೊರಸಿನ ಮೇಲೆ ಕೂತು, ನನ್ನ ಕಡೆ ನೋಡದೆ, ಕಸ್ತೂರಿಯ ತಾಯಿಯ ಆರೋಗ್ಯದ ಬಗ್ಗೆ ಮಾತನಾಡುತ್ತ ಚಹಾ ಕುಡಿದರು. ಅದು ಮುಗಿಯುವವರೆಗೆ ನಾನು ಅಂಗಳದ ಬಿಸಿಲಿನಲ್ಲಿ ನಿಂತಿದ್ದೆ. ಕೂಡ್ರಿ ಎಂದು ಯಾರೂ ಅನ್ನಲಿಲ್ಲ. ನಾನೂ ಕೂರಲಿಲ್ಲ.